ವಧುಚರ್ಮ ಸಿದ್ಧತಾ ಶಾಸ್ತ್ರ

ಲಗ್ನಪತ್ರಿಕೆ ಬರೆಸಿದ ಗಳಿಗೆಯಿಂದ ಹೆಣ್ಣಿನ ಮುಖ ಅವಿಭಕ್ತ ಕುಟುಂಬದ ಸ್ವತ್ತು. ಮೊಡವೆಯೊಂದು ಎದ್ದರೆ ಅದನ್ನು ಮೊದಲು ನೋಡುವ ಹಕ್ಕು ಸೋದರತ್ತೆಯದು, ಔಷಧ ಹೇಳುವ ಹಕ್ಕು ದೊಡ್ಡಮ್ಮನದು, 'ನಮ್ಮ ಕಾಲದಲ್ಲಿ ಇವೆಲ್ಲ ಎಲ್ಲಿತ್ತು' ಎನ್ನುವ ಹಕ್ಕು ಅಜ್ಜಿಯದು. ಮುಖದ ಒಡತಿಗೆ ಉಳಿಯುವುದು ಅದನ್ನು ತೊಳೆದುಕೊಳ್ಳುವ ಹಕ್ಕು ಮಾತ್ರ, ಅದೂ ಸೋಪಿಲ್ಲದೆ. ಕಲ್ಯಾಣ ಮಂಟಪಗಳ ಮುಂದಿನ ಸಾಲಿನಲ್ಲಿ ಕೂತು ದೀರ್ಘಕಾಲ ಈ ವಿಷಯದ ಅಧ್ಯಯನ ನಡೆಸಿದ ನನ್ನ ಸೂಚನೆಗಳನ್ನು ವಧುಗಳು ಶ್ರದ್ಧೆಯಿಂದ ಪಾಲಿಸತಕ್ಕದ್ದು.

ಚರ್ಮದ ಹೊರಪದರ ಸುಮಾರು 28 ದಿನಕ್ಕೊಮ್ಮೆ ತಾನಾಗಿ ಹೊಸದಾಗುತ್ತದೆ. ಎಂದರೆ, ಹೆಣ್ಣು ನೋಡುವ ಶಾಸ್ತ್ರದ ದಿನ ಬೀಗರು ಕಣ್ಣರಳಿಸಿ ಒಪ್ಪಿದ ಚರ್ಮ ಧಾರೆಯ ಹೊತ್ತಿಗೆ ಉದುರಿ ಕಸಪೊರಕೆಯ ಪಾಲಾಗಿರುತ್ತದೆ. ತೋರಿಸಿದ್ದು ಒಂದು, ಕೊಟ್ಟದ್ದು ಇನ್ನೊಂದು ಎಂದು ತಕರಾರು ತೆಗೆಯಲು ಇಲ್ಲಿ ಪೂರ್ಣ ಅವಕಾಶವಿದೆ. ಸಾರಿಗೆ ಉಪ್ಪು ಸಾಲದೆಂದು ಪಂಕ್ತಿಯಿಂದ ಎದ್ದವರು ಕೂಡ ಇದನ್ನು ಏಕೋ ಗಮನಿಸಿಲ್ಲ. ಪಾರ್ಲರಿನವರೂ ಈ ವಿಷಯ ಎತ್ತುವುದಿಲ್ಲ. ತಾನಾಗಿ ಆಗುವ ಕೆಲಸವನ್ನು ಪ್ಯಾಕೇಜಿಗೆ ಹಾಕಲು ಬರುವುದಿಲ್ಲವಲ್ಲ.

ಪ್ಯಾಕೇಜಿನಲ್ಲಿ ಇರಲೇಬೇಕಾದದ್ದು ಗೋಲ್ಡ್ ಫೇಶಿಯಲ್. ಚಿನ್ನ ಸುಲಭಕ್ಕೆ ಯಾವುದರೊಂದಿಗೂ ಬೆರೆತು ಬದಲಾಗುವ ಲೋಹವಲ್ಲ. ಅದಕ್ಕೇ ಮುತ್ತಜ್ಜಿಯ ಸರ ಇನ್ನೂ ಹೊಳೆಯುತ್ತಿದೆ. ನಿಮ್ಮ ಕೆನ್ನೆಯ ಬಗ್ಗೆಯೂ ಅದರದು ಇದೇ ಧೋರಣೆ. ಒಂದು ಗಂಟೆ ಕೆನ್ನೆಯ ಮೇಲೆ ಕೂತು, ಯಾರನ್ನೂ ಮಾತಾಡಿಸದೆ ಚರಂಡಿಗೆ ಇಳಿದುಹೋಗುತ್ತದೆ. 'ಮಗಳಿಗೆ ಎಷ್ಟು ಚಿನ್ನ ಹಾಕಿದಿರಿ' ಎಂದು ಕೇಳಿದವರಿಗೆ ಇದನ್ನೂ ಲೆಕ್ಕಕ್ಕೆ ಸೇರಿಸಿ ಹೇಳಬಹುದು. ಕೊಲ್ಯಾಜನ್ ಕ್ರೀಮಿನ ವಿಚಾರ ತುಸು ಭಿನ್ನ. ಸುಮಾರು 500 ಡಾಲ್ಟನ್‌ಗಿಂತ ದೊಡ್ಡ ಅಣುವನ್ನು ಚರ್ಮ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೊಲ್ಯಾಜನ್ ಅಣುವಿನ ತೂಕ ಸುಮಾರು 3 ಲಕ್ಷ ಡಾಲ್ಟನ್. ಆದರೂ ಹಚ್ಚಿಸಿಕೊಳ್ಳಿ. ದುಡ್ಡು ಕೊಟ್ಟಾಗಿದೆ.

ಹೊಸ ಕ್ರೀಮನ್ನು ಮೊದಲು ಮೊಣಕೈ ಒಳಬದಿಗೆ ಹಚ್ಚಿ ಒಂದೆರಡು ದಿನ ಕಾದು ನೋಡಿ ಎನ್ನುತ್ತಾರೆ ಚರ್ಮವೈದ್ಯರು. ಮೊಣಕೈಯ ಫೋಟೊ ಯಾರೂ ತೆಗೆಯುವುದಿಲ್ಲವಾದ್ದರಿಂದ ನಮ್ಮ ಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಪ್ರಯೋಗ ನೇರ ಮುಖದ ಮೇಲೇ ಆಗಬೇಕು, ಚಪ್ಪರದ ಹಿಂದಿನ ದಿನವೇ ಆಗಬೇಕು. ಮುಖಕ್ಕೆ ನಿಂಬೆರಸ ಸವರಿಕೊಂಡು, ಹಾಗೆಯೇ ಚಿಕ್ಕಪೇಟೆಯ ಮಟಮಟ ಮಧ್ಯಾಹ್ನದಲ್ಲಿ ಸೀರೆ ಆರಿಸಲು ಹೊರಟರೆ ಸುಟ್ಟ ಕಲೆಗಳೂ ದೊರೆಯುತ್ತವೆ. ಸೀರೆಗೆ ಮ್ಯಾಚಿಂಗ್ ಹುಡುಕುವಾಗ ಅವು ಲೆಕ್ಕಕ್ಕೆ ಬರಬಹುದು.

ಇನ್ನು ಅರಿಶಿನ. ಹಿಂದೆ ಇದು ಸರಳ ಕೆಲಸವಾಗಿತ್ತು: ಮುತ್ತೈದೆಯರು ಎಣ್ಣೆ ಅರಿಶಿನ ಹಚ್ಚಿ, ನಾಲ್ಕು ಹಾಡು ಹೇಳಿ, ಬಿಸಿನೀರು ಎರೆದು ಮುಗಿಸುತ್ತಿದ್ದರು. ಈಗ ಅದು 'ಹಳದಿ ಫಂಕ್ಷನ್'. ಹಳದಿ ಪರದೆ, ಹಳದಿ ಚೆಂಡುಹೂ, ಬಂದವರೆಲ್ಲರಿಗೂ ಹಳದಿ ಬಟ್ಟೆ. ಇಷ್ಟು ಹಳದಿಯ ನಡುವೆ ಅರಿಶಿನ ಹಚ್ಚಿದ ಹುಡುಗಿಯನ್ನು ಗುರುತಿಸಲೆಂದು ಅವಳಿಗೆ ಕಪ್ಪು ಕನ್ನಡಕ ಹಾಕಿಸುತ್ತಾರೆ. ಕಸ್ತೂರಿ ಅರಿಶಿನ ಮರೆತು ಅಡುಗೆಮನೆಯ ಡಬ್ಬಿಯನ್ನೇ ತಂದಿದ್ದರೆ ಬಣ್ಣ ಆರತಕ್ಷತೆಯವರೆಗೂ ನಿಷ್ಠೆಯಿಂದ ಉಳಿಯುತ್ತದೆ. ಆಗ ಗಾಬರಿಯಿಂದ ಸೋಪು ಉಜ್ಜಿದಿರೋ, ರಸಾಯನಶಾಸ್ತ್ರ ಪ್ರವೇಶಿಸುತ್ತದೆ. ಅರಿಶಿನ ಕ್ಷಾರಕ್ಕೆ ಕೆಂಪಾಗುವ ವಸ್ತು. ಆರತಿ ತಟ್ಟೆಯ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದರೆ ಕೆಂಪೇರುವುದು ಇದರಿಂದಲೇ. ಸೋಪಿನಲ್ಲಿಯೂ ಕ್ಷಾರವಿದೆ. ಬಚ್ಚಲಿಂದ ಕೆಂಪಗಾಗಿ ಹೊರಬಂದವಳನ್ನು ನೋಡಿ ನೆಂಟರು 'ಆಹಾ, ನಾಚಿಕೆ ನೋಡಿ, ಮದುವೆ ಕಳೆ ಬಂದುಬಿಟ್ಟಿದೆ' ಎನ್ನುತ್ತಾರೆ. ಅಜ್ಜಿ ಕಡಲೆಹಿಟ್ಟು ಹಿಡಿದು ಬಚ್ಚಲ ಬಾಗಿಲಲ್ಲೇ ನಿಂತಿದ್ದದ್ದು ಯಾಕೆಂದು ಆಕೆಯನ್ನು ಯಾರೂ ಕೇಳಿರುವುದಿಲ್ಲ.

ಈ ಎಲ್ಲ ಶ್ರಮದ ಗುರಿ ಮೊದಲು ಬಿಳುಪಾಗಿತ್ತು. 1975ರಿಂದ ಮಾರಾಟದಲ್ಲಿದ್ದ 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆದ ಮೇಲೆ ನಮ್ಮ ದೊಡ್ಡಮ್ಮಂದಿರೂ ಸುಧಾರಿಸಿದ್ದಾರೆ. 'ಬಣ್ಣ ಸ್ವಲ್ಪ ಕಡಿಮೆ, ಆದರೆ ಲಕ್ಷಣವಾಗಿದ್ದಾಳೆ' ಎನ್ನುತ್ತಿದ್ದವರು ಈಗ 'ಗ್ಲೋ ಸ್ವಲ್ಪ ಕಡಿಮೆ' ಎನ್ನುತ್ತಾರೆ. ಕಡಿಮೆ ಬಿದ್ದದ್ದನ್ನು ಭರ್ತಿ ಮಾಡಲು ಮೆಡಿಕಲ್ ಸ್ಟೋರಿನಲ್ಲಿ ಪುಟ್ಟ ಟ್ಯೂಬೊಂದು ಸಿಗುತ್ತದೆ. ಅದರಲ್ಲಿ ಸ್ಟಿರಾಯ್ಡ್ ಇರುತ್ತದೆ; ಇಂಥ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತು. ಆದರೆ ಅಂಗಡಿಯವನಿಗೆ 'ಮದುವೆ' ಎಂದರೆ ಸಾಕು, ಕರಗುತ್ತಾನೆ. ಕೆಲವೇ ವಾರಗಳಲ್ಲಿ ಮುಖ ತಿಳಿಯಾಗುತ್ತದೆ. ಹಚ್ಚುತ್ತಲೇ ಹೋದರೆ ಚರ್ಮ ತೆಳುವಾಗಿ ಒಳಗಿನ ಕೆಂಪು ರಕ್ತನಾಳಗಳು ಕಾಣತೊಡಗುತ್ತವೆ, ಗಲ್ಲದ ಮೇಲೆ ಕೂದಲೂ ಬರಬಹುದು. ಬಿಟ್ಟರೆ ಉರಿ, ಮೊಡವೆ. ದಾಂಪತ್ಯದಲ್ಲಿ ಪಾರದರ್ಶಕತೆ ಇರಬೇಕೆಂದು ಹಿರಿಯರು ಹೇಳಿದ್ದನ್ನು ಇಷ್ಟು ಅಕ್ಷರಶಃ ಪಾಲಿಸುವ ವಿಧಾನ ಇನ್ನೊಂದಿಲ್ಲ.

ಮುಹೂರ್ತದ ದಿನ ಬೆಳಗಿನ ಜಾವ ಮೂರಕ್ಕೆ ಎಬ್ಬಿಸಿ, ತಿಂಗಳುಗಟ್ಟಲೆ ಸಿದ್ಧಪಡಿಸಿದ ಚರ್ಮದ ಒಂದಿಂಚೂ ಕಾಣದಂತೆ ಮೇಕಪ್ ಬಳಿಯಲಾಗುತ್ತದೆ. ಅದರ ಮೇಲೆ ಹೋಮದ ಹೊಗೆ, ವಿಡಿಯೊದವರ ದೀಪದ ಕಾವು, ಅತ್ತು ಇಳಿದ ಕಾಡಿಗೆ. ಅಷ್ಟಾಗಿ ಉಳಿದದ್ದನ್ನು ಫೋಟೊಗ್ರಾಫರ್ ಕಂಪ್ಯೂಟರಿನಲ್ಲಿ ಒರೆಸಿ ಹಾಕುತ್ತಾನೆ. ಆಲ್ಬಮ್ ಬಂದಾಗ ವಧುವಿಗೆ ರಂಧ್ರಗಳಿರುವುದಿಲ್ಲ, ಕೆಲವೊಮ್ಮೆ ಮೂಗೂ ಸರಿಯಾಗಿ ಇರುವುದಿಲ್ಲ.

ವರನಿಗೆ ಈ ಶಾಸ್ತ್ರದಲ್ಲಿ ಅಧ್ಯಾಯವಿಲ್ಲ. ಹಿಂದಿನ ಸಂಜೆ ಗಡ್ಡ ತೆಗೆಸಿದರೆ ಸಾಕು. ಮರೆತರೂ ಚಿಂತೆಯಿಲ್ಲ, ಈಗ ಅದೇ ಫ್ಯಾಷನ್.