ಹ್ಯಾಂಡ್‌ಬ್ರೇಕ್ ರಾಯರು

“ನೆಲಮಂಗಲ ದಾಟಿಬಿಟ್ಟರೆ ಆಯ್ತು ನೋಡಿ” ಅನ್ನುವ ಮಾತು ಬೆಂಗಳೂರಿನಲ್ಲಿ ಕಾರಿಟ್ಟುಕೊಂಡವರ ಬಾಯಲ್ಲೆಲ್ಲ ಇದೆ. ನಮ್ಮ ರಾಯರಿಗೆ ಮಾತ್ರ ಅದು ವೇದವಾಕ್ಯ. ಅವರ ಲೆಕ್ಕದಲ್ಲಿ ನೆಲಮಂಗಲದ ಆಚೆ ಟ್ರಾಫಿಕ್ ಇಲ್ಲ, ಬಿಪಿ ಇಲ್ಲ, ಇರುವುದು ಬರೀ ಟಿಫಿನ್ನು. ಹಾಗಾಗಿ ಬೆಳಗಿನ ಜಾವ ನಾಲ್ಕಕ್ಕೇ ಹೊರಡುವುದೆಂದು ಹಿಂದಿನ ರಾತ್ರಿ ತೀರ್ಮಾನವಾಗುತ್ತದೆ. ನಾಲ್ಕಕ್ಕೆ ರಾಯರು ಸ್ನಾನ ಮುಗಿಸಿ, ಗಾಜು ಒರೆಸಿ, ಸ್ಟೇರಿಂಗ್ ಮುಂದೆ ಬೆಲ್ಟು ಬಿಗಿದು ಕೂತಿರುತ್ತಾರೆ. ಅತ್ತಿಗೆ ಆಗಿನ್ನೂ ಒಳಗೆ ಪುಳಿಯೋಗರೆಗೆ ಒಗ್ಗರಣೆ ಹಾಕುತ್ತಿರುತ್ತಾರೆ. ಆಮೇಲೆ ತುಳಸಿಗೆ ನೀರು, ಪಕ್ಕದ ಮನೆಗೆ ಬೀಗದ ಕೈ, ಹಾಲಿನವನಿಗೆ ಚೀಟಿ. ಕಾರು ಬಿಡುವಾಗ ಆರೂಕಾಲು. ಬೀದಿ ತಿರುವಿನಲ್ಲಿ “ರೀ, ಗ್ಯಾಸ್ ಆಫ್ ಮಾಡಿದ್ನಾ?” ಎಂಬ ಅನುಮಾನ. ವಾಪಸು. ಗ್ಯಾಸು ಆಫಾಗಿಯೇ ಇರುತ್ತದೆ. ಗೊರಗುಂಟೆಪಾಳ್ಯ ತಲುಪುವ ಹೊತ್ತಿಗೆ ಇಡೀ ಊರೇ ಎದ್ದು ನೆಲಮಂಗಲ ದಾಟಲು ಹೊರಟಿರುತ್ತದೆ.

ಇಂಥ ರಾಯರು ಪ್ರತಿ ಬಡಾವಣೆಯಲ್ಲೂ ಒಬ್ಬರಾದರೂ ಇದ್ದಾರೆ. ನಮ್ಮವರು ಬ್ಯಾಂಕಿನಿಂದ 2022ರಲ್ಲಿ ಅರವತ್ತು ತುಂಬಿ ನಿವೃತ್ತರಾದವರು. ವರ್ಗಾವರ್ಗಿಯ ಕೆಲಸ, ಅರ್ಧ ಕರ್ನಾಟಕದ ನೀರು ಕುಡಿದಿದ್ದಾರೆ. ಆದರೆ ಯಾವ ಊರನ್ನು ಕೇಳಿದರೂ ಅವರ ನೆನಪಿನಿಂದ ಎದ್ದು ಬರುವುದು ಹೋಟೆಲು. ಅರಸೀಕೆರೆ ಎಂದರೆ ಸ್ಟೇಷನ್ ಎದುರಿನ ಕಾಫಿ, ಕಡೂರು ಎಂದರೆ ಬಸ್‌ಸ್ಟ್ಯಾಂಡ್ ಹಿಂದಿನ ಖಾಲಿ ದೋಸೆ. ತರೀಕೆರೆ ಹತ್ತಿರ ಅಮೃತಾಪುರದಲ್ಲಿ 1196ರ ಹೊಯ್ಸಳ ದೇವಸ್ಥಾನವಿದೆ, ಅದರ ವಿಷಯ ತೆಗೆದರೆ, “ಹೂಂ, ಆ ರಸ್ತೆಗೆ ತಿರುಗೋ ಕಡೆ ಒಬ್ಬ ಮಂಡಕ್ಕಿ ಮಾಡ್ತಿದ್ದ, ಏನ್ ಕೈ ರೀ ಅವನದು!” ಎಂದು ಕಣ್ಣು ಮುಚ್ಚುತ್ತಾರೆ.

ರಾಯರ ಕಾರು ನಿಲ್ಲುವುದರಲ್ಲಿ ಎರಡು ಬಗೆಯಿದೆ. ಹೋಟೆಲು ಬಂದರೆ ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್, ಗಾಜು ಮೇಲೆ, ಲಾಕು. ಬಾಗಿಲು ಎಳೆದು ನೋಡಿ ಮತ್ತೊಮ್ಮೆ ಲಾಕು. ಬೆಟ್ಟವೋ ಕೆರೆಯೋ ಕಣಿವೆಯೋ ಬಂದರೆ ಕಾರು ರಸ್ತೆ ಬದಿಗೆ ಸರಿಯುತ್ತದೆ, ಅಷ್ಟೆ. ಎಂಜಿನ್ ಗುರುಗುಡುತ್ತಲೇ ಇರುತ್ತದೆ, ಕಾಲು ಬ್ರೇಕಿನ ಮೇಲೆ. “ನೋಡಿಬಿಡಿ ಬೇಗ” ಎನ್ನುತ್ತಾರೆ. ಹ್ಯಾಂಡ್‌ಬ್ರೇಕ್ ಎಳೆಯಲು ಯೋಗ್ಯವಾದ ಪ್ರಕೃತಿಯನ್ನು ಅವರು ಇನ್ನೂ ಕಂಡಿಲ್ಲ.

ಹೋಟೆಲಿನೊಳಗೆ ಅವರನ್ನು ನೋಡಬೇಕು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಎನ್ನಿ. ಇಡ್ಲಿ ಬಂದ ತಕ್ಷಣ ತಿನ್ನುವುದಿಲ್ಲ. ಮೊದಲು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ ನೋಡುತ್ತಾರೆ. ತೋರುಬೆರಳಿನಿಂದ ನಡುವೆ ಒತ್ತುತ್ತಾರೆ. ಹಳ್ಳ ಬಿದ್ದು ಮೇಲೆದ್ದರೆ ಸರಿ. ಅಂಚು ಮುರಿದು ಮೂಸಿ, ಚಟ್ನಿ ಮುಟ್ಟಿಸದೆ ಬಾಯಿಗೆ ಹಾಕಿಕೊಂಡು, ಸೀಲಿಂಗ್ ಫ್ಯಾನ್ ನೋಡುತ್ತ ಮೆಲ್ಲುತ್ತಾರೆ. ನಾವು ಉಸಿರು ಹಿಡಿದು ಕಾಯಬೇಕು. ಆಮೇಲೆ ತೀರ್ಪು:

“ಮೊದಲಿನ ಹಾಗಿಲ್ಲ.”

ಮಾಣಿಯನ್ನು ಕರೆದು, “ಏನಪ್ಪಾ, ಭಟ್ಟರು ಬದಲಾದ್ರಾ?” ಎಂದು ಕೇಳುತ್ತಾರೆ. ಹೌದು ಎನ್ನುತ್ತಾನೆ ಅವನು. ಯಾವ ಹೋಟೆಲಿನಲ್ಲಿ ಭಟ್ಟರು ಬದಲಾಗಿಲ್ಲ? ರಾಯರು ನಮ್ಮ ಕಡೆ ತಿರುಗಿ, ಪತ್ತೇದಾರರ ಹಾಗೆ ಹುಬ್ಬು ಹಾರಿಸಿ, “ಇನ್ನೆರಡು ಹಾಕು” ಎನ್ನುತ್ತಾರೆ. ಮೊದಲಿನ ಹಾಗಿಲ್ಲದ ಇಡ್ಲಿಯನ್ನು ಅವರು ನಾಲ್ಕಕ್ಕಿಂತ ಕಡಿಮೆ ತಿಂದದ್ದನ್ನು ನಾನು ಕಂಡಿಲ್ಲ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದಾಗ ನಾಡಿಗೆ ನಾಡೇ ಒಂದೂವರೆ ಗಂಟೆಯಲ್ಲಿ ಮೈಸೂರು ಸೇರಿದೆವೆಂದು ಬೀಗುತ್ತಿತ್ತು. ರಾಯರ ಮನೆಯಲ್ಲಿ ಮಾತ್ರ ಸೂತಕದ ಕಳೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲಕ್ಕೂ ಬೈಪಾಸು. “ಬಿಡದಿ ಇಡ್ಲಿ ಇಲ್ಲ, ಮದ್ದೂರು ವಡೆ ಇಲ್ಲ ಅಂದಮೇಲೆ ಮೈಸೂರಿಗೆ ಯಾಕ್ರೀ ಹೋಗ್ಬೇಕು?” ಎಂದು ಅವರು ಕೇಳಿದ್ದು ತಮಾಷೆಗಲ್ಲ. ಮದ್ದೂರು ರೈಲು ನಿಲ್ದಾಣದಲ್ಲಿ ಗಾಡಿ ಬಂದುಬಿಟ್ಟಿತೆಂದು ಅವಸರದಲ್ಲಿ ರವೆ, ಮೈದಾ, ಅಕ್ಕಿಹಿಟ್ಟು, ಈರುಳ್ಳಿ ಕಲಸಿ ತಟ್ಟಿದ್ದೇ ಈ ವಡೆಯಾಯಿತೆಂಬ ಕಥೆಯನ್ನು ಅವರು ಪ್ರತಿ ಸಲವೂ ಹೊಸದಾಗಿ ಹೇಳುತ್ತಾರೆ. ಅವಸರದಲ್ಲಿ ಹುಟ್ಟಿದ ವಡೆ ಅವಸರದ ರಸ್ತೆಯಿಂದಲೇ ಕೆಟ್ಟಿತಲ್ಲ ಎಂಬುದು ಅವರ ಸಂಕಟ. ಈಗಲೂ ಎಕ್ಸ್‌ಪ್ರೆಸ್‌ವೇಗೆ ಟೋಲು ಕಟ್ಟಿ, ನಡುವೆ ಇಳಿದು, ಹಳೇ ರಸ್ತೆಯಲ್ಲಿ ಮದ್ದೂರಿಗೆ ಹೋಗಿ, ವಡೆ ತಿಂದು, ಮೊದಲಿನ ಹಾಗಿಲ್ಲ ಎಂದು ಹೇಳಿ, ಮತ್ತೆ ಮೇಲೆ ಹತ್ತುತ್ತಾರೆ. ಎಕ್ಸ್‌ಪ್ರೆಸ್‌ವೇ ಉಳಿಸಿಕೊಟ್ಟ ಸಮಯ ಪೂರ್ತಿ ವಡೆಗೆ ಸಂದಾಯ.

ಟೋಲಿನ ಮಾತು ಬಂತಲ್ಲ. ಫಾಸ್ಟ್ಯಾಗಿನ ವಾರ್ಷಿಕ ಪಾಸು 2025ರ ಆಗಸ್ಟ್ 15ರಿಂದ ಬಂತು: 3,000 ರೂಪಾಯಿಗೆ 200 ಟ್ರಿಪ್ಪು. ಒಂದಕ್ಕೆ 15 ರೂಪಾಯಿ ಬಿತ್ತೆಂದು ರಾಯರು ಬಾಯಲ್ಲೇ ಭಾಗಿಸಿ ಹಿಗ್ಗಿದರು. ಆದರೆ ವರ್ಷದೊಳಗೆ 200 ಮುಗಿಸದಿದ್ದರೆ ದುಡ್ಡು ದಂಡವಲ್ಲವೇ? ಬ್ಯಾಂಕಿನವರ ಕರುಳು ಇದನ್ನು ಸಹಿಸೀತೇ? ಅಂದಿನಿಂದ ಅವರ ಪ್ರವಾಸ ಇಮ್ಮಡಿಯಾಗಿದೆ. ಟೋಲಿನಲ್ಲಿ ಉಳಿದದ್ದೆಷ್ಟು ಎಂಬ ಲೆಕ್ಕ ಪುಟ್ಟ ಡೈರಿಯಲ್ಲಿ ಏರುತ್ತಿದೆ. ಪೆಟ್ರೋಲು, ದೋಸೆಗಳ ಲೆಕ್ಕಕ್ಕೆ ಅದರಲ್ಲಿ ಕಾಲಂ ಇಲ್ಲ.

ಇನ್ನು ಅತ್ತಿಗೆ. ಅವರದು ವಿರೋಧ ಪಕ್ಷ. ಹೊರಗಿನ ತಿಂಡಿ ಹೊಟ್ಟೆಗೆ ಆಗದೆಂಬ ಸಿದ್ಧಾಂತದವರಾದ್ದರಿಂದ ಸ್ಟೀಲು ಡಬ್ಬಿಗಳ ಬುಟ್ಟಿ ಅವರ ಕಾಲ ಬಳಿಯೇ ಇರುತ್ತದೆ: ಪುಳಿಯೋಗರೆ, ಮೊಸರನ್ನ, ಚಪಾತಿ, ಚಟ್ನಿಪುಡಿ, ಘಾಟಿಯಲ್ಲಿ ಮೂಸಲು ನಿಂಬೆಹಣ್ಣು. ಪ್ರವಾಸ ಎಂದರೆ ಅವರಿಗೆ ‘ನೋಡೋದು’. ನೋಡುವುದೆಂದರೆ ಮೊಬೈಲಿನಲ್ಲಿ. ಓಡುವ ಕಾರಿನ ಕಿಟಕಿಯಿಂದ ಗುಡ್ಡ ತೆಗೆಯುತ್ತಾರೆ. ಬರುವುದು ಕರೆಂಟಿನ ಕಂಬ. ಅದೇ ಕಂಬ “ಸಹ್ಯಾದ್ರಿಯ ಮಡಿಲಲ್ಲಿ” ಎಂಬ ಒಕ್ಕಣೆಯೊಂದಿಗೆ ಫ್ಯಾಮಿಲಿ ಗ್ರೂಪಿಗೆ ಹೋಗುತ್ತದೆ. ಅಮೆರಿಕದಲ್ಲಿರುವ ಸೊಸೆ ಹಾರ್ಟ್ ಒತ್ತುತ್ತಾಳೆ.

ಇವರಿಬ್ಬರ ನಡುವೆ ಹಿಂದಿನ ಸೀಟಿನಲ್ಲಿ ನಾನು. ನನ್ನನ್ನು ಯಾಕೆ ಕರೆದೊಯ್ಯುತ್ತಾರೆಂದು ಮೊದಮೊದಲು ಅರ್ಥವಾಗುತ್ತಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಜಗಳಕ್ಕೆ ಸಾಕ್ಷಿ ಇಲ್ಲದಿದ್ದರೆ ರುಚಿಸುವುದಿಲ್ಲ, ಅಷ್ಟೆ.

ಮೇ ತಿಂಗಳಲ್ಲಿ ಬಿ.ಎಚ್. ರಸ್ತೆ ಹಿಡಿದು ಜೋಗಕ್ಕೆ ಹೋದದ್ದನ್ನು ಹೇಳಲೇಬೇಕು. ಬುದ್ಧಿಯಿರುವವರು ಜುಲೈ ಕಳೆದು ಹೋಗುತ್ತಾರೆ. ಟೋಲಿನ ಟ್ರಿಪ್ಪು ಮುಗಿಸುವವರಿಗೆ ಋತುಮಾನ ಇಲ್ಲ. ಸಾಗರದಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಮೂರು ಬಾಟಲಿ ಡಿಕ್ಕಿಗೆ ಬಿತ್ತು. ಆರೇ ಕಿಲೋಮೀಟರಿನಲ್ಲಿರುವ ಇಕ್ಕೇರಿಯ ಅಘೋರೇಶ್ವರನಿಗೆ ಎಂಜಿನ್ ಆಫ್ ಮಾಡದೆ ಕೈಮುಗಿಯಲಾಗುವುದಿಲ್ಲವಾದ್ದರಿಂದ ಅವನನ್ನು ಮುಂದಿನ ಸಲಕ್ಕೆ ಇಟ್ಟುಕೊಂಡೆವು. ಜೋಗದಲ್ಲಿ 253 ಮೀಟರ್ ಬಂಡೆ ಇದ್ದಲ್ಲೇ ಇತ್ತು. ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ರಜೆಯಲ್ಲಿದ್ದರು. ಒಂದು ಮೂಲೆಯಲ್ಲಿ ಜನಿವಾರದಷ್ಟು ನೀರು.

ರಾಯರು ಕಂಬಿ ಹಿಡಿದು ನಿಂತು ಉಸಿರುಬಿಟ್ಟರು. “ಮೊದಲಿನ ಹಾಗಿಲ್ಲ. ಲಿಂಗನಮಕ್ಕಿ ಡ್ಯಾಮ್ ಕಟ್ಟೋಕೆ ಮುಂಚೆ ನೋಡ್ಬೇಕಿತ್ತು ನೀವು. ಏನು ಭೋರ್ಗರೆತ!”

ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ರಾಯರಿಗೆ ಆಗ ಎರಡು ವರ್ಷ. ಅತ್ತಿಗೆಗೂ ಈ ಲೆಕ್ಕ ಹೊಳೆಯಿತೆಂದು ಮುಖದಲ್ಲೇ ಗೊತ್ತಾಯಿತು. “ತೊಟ್ಟಿಲಲ್ಲಿ ಮಲಗಿ ಕೇಳಿಸ್ಕೊಂಡ್ರಾ?” ಎಂದರು. ಪಕ್ಕದಲ್ಲಿ ಮೆಕ್ಕೆಜೋಳ ಸುಡುತ್ತಿದ್ದ ಹುಡುಗ ಕೂಡ ನಕ್ಕುಬಿಟ್ಟ. ರಾಯರು ಅವನ ಬಳಿ ಎರಡು ತೆನೆ ಕೊಂಡು, ಉಪ್ಪು–ಖಾರ–ನಿಂಬೆ ಸರಿಯಾಗಿ ತಿಕ್ಕಿಲ್ಲವೆಂದು ಆಕ್ಷೇಪಿಸಿ ಸೇಡು ತೀರಿಸಿಕೊಂಡರು.

ಮಾವಿನಗುಂಡಿ ದಾಟಿ ನೆರಳಿರುವ ಜಾಗದಲ್ಲಿ ಬುಟ್ಟಿ ಬಿಚ್ಚಿದೆವು. ಕಾಗದದ ತಟ್ಟೆಯಲ್ಲಿ ಪುಳಿಯೋಗರೆ, ಮೇಲೆ ಹುರಿದ ಕಡಲೆಕಾಯಿ ಬೀಜ. ನನ್ನನ್ನು ಕೇಳಿದರೆ ಆ ಇಡೀ ಪ್ರಯಾಣದಲ್ಲಿ ತಿಂದದ್ದರಲ್ಲೆಲ್ಲ ಅದೇ ಮಿಗಿಲು. ರಾಯರು ಮೂರು ಸಲ ಹಾಕಿಸಿಕೊಂಡರು. ಮೂರನೆಯದನ್ನು ಬೆರಳು ನೆಕ್ಕಿ ಮುಗಿಸಿ, ಅಭ್ಯಾಸಬಲದಿಂದ, ಯಾರೂ ಕೇಳದಿದ್ದರೂ, ಹೇಳಿಬಿಟ್ಟರು:

“ಚೆನ್ನಾಗಿದೆ. ಅಮ್ಮ ಮಾಡ್ತಿದ್ದ ಹಾಗಿಲ್ಲ.”

ಅಲ್ಲಿಂದ ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರ ಸೇರುವವರೆಗೆ ಕಾರಿನಲ್ಲಿ ಅತ್ತಿಗೆ ತುಟಿ ಬಿಚ್ಚಲಿಲ್ಲ. ತಿರುವಿನಿಂದ ತಿರುವಿಗೆ ಶರಾವತಿ ಕಣಿವೆ ತೆರೆದುಕೊಳ್ಳುತ್ತಿತ್ತು. ಅತ್ತಿಗೆ ಮೊಬೈಲನ್ನು ಬ್ಯಾಗಿನಿಂದ ಹೊರಗೆ ತೆಗೆಯಲಿಲ್ಲ. ಪರಿಸ್ಥಿತಿಯ ಗಾಂಭೀರ್ಯ ರಾಯರಿಗೆ ಆಗ ಹೊಳೆಯಿತು. “ಕಾಡು ನೋಡೇ, ಎಷ್ಟು ಚೆನ್ನಾಗಿದೆ” ಎಂದು ತಾವಾಗಿಯೇ ಕಾರು ನಿಧಾನ ಮಾಡಿದರು. ಉತ್ತರವಿಲ್ಲ. “ಸಿಂಗಳೀಕ ಇರುತ್ತಂತೆ ಇಲ್ಲಿ.” ಅದಕ್ಕೂ ಇಲ್ಲ. ಸಿಂಗಳೀಕವೂ ಬರಲಿಲ್ಲ.

ಗೋಕರ್ಣದ ಕಡೆ ತಿರುಗಿ ಕುಮಟಾದ ಹತ್ತಿರ ಬಂದಾಗ ಹೆದ್ದಾರಿಯ ಬದಿಯಲ್ಲಿ ಸಾಲಾಗಿ ಈರುಳ್ಳಿ ಅಂಗಡಿಗಳು. ಅಂಗಡಿಯೆಂದರೆ ನಾಲ್ಕು ಗಳ, ಮೇಲೊಂದು ಸೋಗೆ. ಗಳಕ್ಕೆ ಜಡೆ ಹೆಣೆದು ತೂಗಿಬಿಟ್ಟ ಕೆಂಪು ಸಿಹಿ ಈರುಳ್ಳಿ, ಅಡಿಯಲ್ಲಿ ಸ್ಟೂಲಿನ ಮೇಲೆ ಹೆಂಗಸರು. ಬೇಸಿಗೆಯಲ್ಲಷ್ಟೇ ಸಿಗುವ ಸರಕು. ಅತ್ತಿಗೆ ಬಾಯಿ ತೆರೆದರು: “ನಿಲ್ಲಿಸಿ.”

ರಾಯರು ಕಾರು ಬದಿಗೆ ತೆಗೆದರು. ಎಂಜಿನ್ ಆಫ್ ಮಾಡಿದರು. ಹ್ಯಾಂಡ್‌ಬ್ರೇಕ್ ಎಳೆದರು. ಕಿರ್ರೆಂದ ಆ ಸದ್ದಿಗೆ ಅತ್ತಿಗೆ ತಿರುಗಿ ನೋಡಿದ ನೋಟದಲ್ಲಿ ಅರ್ಧ ಕ್ಷಮೆಯಿತ್ತು. ಉಳಿದರ್ಧ ಚೌಕಾಸಿಯಲ್ಲಿ ಸಿಕ್ಕಿತು. ರಾಯರೇ ಮುಂದೆ ನಿಂತು ಐದು ಜಡೆ ಕೊಡಿಸಿದರು. ಡಿಕ್ಕಿಯಲ್ಲಿ ಜಾಗವಿರಲಿಲ್ಲವಾದ್ದರಿಂದ ಅವು ನನ್ನ ತೊಡೆಯ ಮೇಲೆ ಬಂದವು. ಬೆಂಗಳೂರಿನವರೆಗೂ ಅಲ್ಲೇ ಇದ್ದವು.

ಮಾರನೆಯ ದಿನ ದಕ್ಷಿಣಕ್ಕೆ ತಿರುಗಿದೆವು. ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಅಂಥ ಜಾಗದಲ್ಲಿ ಸಂಧಾನ ಮುರಿದುಬಿತ್ತು, ಎಂಜಿನ್ ಮತ್ತೆ ಗುರುಗುಟ್ಟಿತು. “ಉಡುಪಿ ಊಟದ ಹೊತ್ತು ಮೀರುತ್ತೆ ಕಣೇ. ಸಮುದ್ರ ಎಲ್ಲಿಗೂ ಹೋಗಲ್ಲ, ಸಾರು ಮುಗಿದುಹೋಗುತ್ತೆ.” ಊಟದ ಮೇಲೆ ಗಡ್‌ಬಡ್. ರಾಯರಿಗೆ ಸಕ್ಕರೆ ಕಾಯಿಲೆ. ಹಾಗಾಗಿ ಒಂದೇ ಗ್ಲಾಸು, ಎರಡು ಚಮಚ ಎಂದು ಒಪ್ಪಂದ. ಐಸ್‌ಕ್ರೀಮು, ಹಣ್ಣು, ಜೆಲ್ಲಿ, ಗೋಡಂಬಿ ಪದರ ಪದರವಾಗಿ ತುಂಬಿದ ಆ ಉದ್ದನೆ ಗ್ಲಾಸಿನಲ್ಲಿ ರಾಯರ ಚಮಚ ಸೀದಾ ತಳಕ್ಕಿಳಿದು, ಪ್ರತಿ ಪದರದ ಪಾಲನ್ನೂ ಹೊತ್ತು ಮೇಲೆ ಬರುತ್ತಿತ್ತು. “ನಾನು ತಿಂದಿದ್ದು ನಾಲ್ಕೇ ಚಮಚ” ಎಂದು ಪ್ರಮಾಣ ಮಾಡಿದರು. ನಿಜವೇ. ನಾಲ್ಕನೆಯದಕ್ಕೆ ಗ್ಲಾಸು ಖಾಲಿ.

ಹಿಂದಿರುಗುವಾಗ ಆಗುಂಬೆ. ಹದಿನಾಲ್ಕು ತಿರುವು ಹತ್ತಿ ಸೂರ್ಯಾಸ್ತದ ಜಾಗ ತಲುಪಿದಾಗ ಇನ್ನೂ ಗಂಟೆ ಹೊತ್ತಿತ್ತು. ಈ ಸಲ ಅತ್ತಿಗೆ ಹಟ ಹಿಡಿದು ಇಳಿದೇಬಿಟ್ಟರು. ಜನ ಮೊಬೈಲು ಎತ್ತಿಹಿಡಿದು ಕಾದರು. ಸೂರ್ಯ ಇಳಿದ, ಕೆಂಪಾದ, ಇನ್ನೇನು ಎನ್ನುವಾಗ ದಡ್ಡ ಮೋಡವೊಂದು ಬಂದು ಅಡ್ಡ ಕೂತಿತು. ಅಲ್ಲಿಗೆ ಮುಗಿಯಿತು.

“ಮೊದಲಿನ ಹಾಗಿಲ್ಲ. ನಾನು ತೀರ್ಥಹಳ್ಳಿ ಬ್ರಾಂಚಲ್ಲಿದ್ದಾಗ ಬಂದು ನೋಡಿದ ಸೂರ್ಯಾಸ್ತ ಇತ್ತಲ್ಲ...”

“ತೀರ್ಥಹಳ್ಳಿಯಲ್ಲಿ ನೀವಿದ್ದದ್ದು ಮದುವೆಗೆ ಮುಂಚೆ. ಯಾರ ಜೊತೆ ಬಂದಿದ್ರಿ?”

ರಾಯರು ನನ್ನ ಕಡೆ ನೋಡಿದರು. ನಾನು ಈರುಳ್ಳಿ ಜಡೆಯ ಗಂಟು ಸರಿಮಾಡುವುದರಲ್ಲಿ ಮಗ್ನನಾಗಿದ್ದೆ. ತೀರ್ಥಹಳ್ಳಿ ಬಂತು, ಹೋಯಿತು. ಅಲ್ಲಿನ ಹೋಟೆಲಿನ ಮುಂದೆ ಕಾರು ನಿಲ್ಲಲಿಲ್ಲ. ರಾಯರ ಇತಿಹಾಸದಲ್ಲಿ ಹಾಗಾದದ್ದು ಅದೇ ಮೊದಲು.

ಇಂಥ ದಂಪತಿ ಕಾರಿಗೆ ಕರೆದರೆ ಇಲ್ಲವೆನ್ನಬೇಡಿ, ಇವರಷ್ಟು ಚೆನ್ನಾಗಿ ಊರು ತೋರಿಸಿ ಹೊಟ್ಟೆ ತುಂಬಿಸುವವರು ಬೇರೆ ಸಿಗುವುದಿಲ್ಲ. ತಿಂದದ್ದು ಹೇಗಿದೆ ಎಂದು ಅವರು ಕೇಳಿದರೆ ಹೂಂ ಎನ್ನಿ, ಇವರು ಕೇಳಿದರೂ ಹೂಂ ಎನ್ನಿ. ಪುಳಿಯೋಗರೆಯ ವಿಷಯದಲ್ಲಿ ಮಾತ್ರ ಅತ್ತಿಗೆಯ ಪಕ್ಷ ವಹಿಸಿ. ನಾಳೆ ಬುಟ್ಟಿ ಬಿಚ್ಚುವವರು ಅವರೇ.