ಫ್ಲಷ್ ಗುಳಿಗೆಯ ಆಯುಷ್ಯ ಮೀಮಾಂಸೆ: ರೋಣ, ನರಗುಂದ ಹಾಗೂ ಗಜೇಂದ್ರಗಡ ತಾಲ್ಲೂಕುಗಳನ್ನು ಅನುಲಕ್ಷಿಸಿ ಒಂದು ಬಹುಶಿಸ್ತೀಯ ಅಧ್ಯಯನ

ಸಂಡಾಸದ ಫ್ಲಷ್ ಟ್ಯಾಂಕಿನೊಳಗೆ ಇಳಿಬಿಡುವ ನೀಲಿ ಗುಳಿಗೆಯು ದಿನನಿತ್ಯದ ಗೃಹಬಳಕೆಯಲ್ಲಿ ಎಷ್ಟು ಕಾಲ ಬಾಳುತ್ತದೆ ಎಂಬುದು ಮೇಲ್ನೋಟಕ್ಕೆ ಸರಳ ಪ್ರಶ್ನೆಯಂತೆ ತೋರಿದರೂ, ಆಳದಲ್ಲಿ ಅದು ಕಾಲ, ದ್ರವ, ಪ್ರಭುತ್ವ ಹಾಗೂ ಕರುಳು ಎಂಬ ನಾಲ್ಕು ಸಂಕಥನಗಳು ಸಂಧಿಸುವ ಸಂಕೀರ್ಣ ನೆಲೆಯಾಗಿದೆ. ಕನ್ನಡ ಸಂಶೋಧನಾ ಪರಂಪರೆ ಈ ನೆಲೆಯನ್ನು ಇದುವರೆಗೆ ಉಪೇಕ್ಷಿಸಿರುವುದು ವಿಷಾದನೀಯ. ಸೂಡಿ, ನರೇಗಲ್ಲ, ರೋಣದ ಶಾಸನಗಳನ್ನು ಓದಿದ ವಿದ್ವಾಂಸರು ದಾನ, ದತ್ತಿ, ಮತ್ತರು, ಗದ್ಯಾಣಗಳ ಲೆಕ್ಕವನ್ನು ಅಕ್ಷರ ಬಿಡದೆ ಒಪ್ಪಿಸಿದ್ದಾರೆ. ಫ್ಲಷ್ ಟ್ಯಾಂಕಿನ ವಿಷಯ ಬಂದಾಗ ಮಾತ್ರ ಶಾಸನಗಳೂ ಮೌನ, ವಿದ್ವಾಂಸರೂ ಮೌನ. ಈ ದ್ವಿಮುಖ ಮೌನವೇ ಪ್ರಸ್ತುತ ಅಧ್ಯಯನದ ಸೈದ್ಧಾಂತಿಕ ಚೌಕಟ್ಟು. ಅಧ್ಯಯನದ ವ್ಯಾಪ್ತಿ ಗದಗ ಜಿಲ್ಲೆಯ ಮೂರು ತಾಲ್ಲೂಕುಗಳು; ಅದರ ಮಿತಿ ನೀರು. ವ್ಯಾಪ್ತಿಯನ್ನು ಮೊದಲ ಪುಟದಲ್ಲಿ ಸಾರಿ ಮಿತಿಯನ್ನು ಕೊನೆಯ ಅಡಿಟಿಪ್ಪಣಿಯಲ್ಲಿ ಅಡಗಿಸುವುದು ವಿಚಾರ ಸಂಕಿರಣಗಳ ಸಂಪ್ರದಾಯ. ಇಲ್ಲಿ ಮಿತಿಯೇ ವಿಷಯವಾದ್ದರಿಂದ ಆ ಸಂಪ್ರದಾಯವನ್ನು ಪಾಲಿಸಲಾಗಿಲ್ಲ.

ಮೊದಲು ವಸ್ತುನಿಷ್ಠ ನಿರೂಪಣೆ. ಗುಳಿಗೆಯೆಂದರೆ ಮಾರ್ಜಕ, ಬಣ್ಣ, ಸುಗಂಧ ಹಾಗೂ ಸೋಡಿಯಂ ಸಲ್ಫೇಟಿನಂಥ ಲವಣ ಸೇರಿಸಿ ಒತ್ತಿದ ಅಚ್ಚು. ಕೆಲವು ಗುಳಿಗೆಗಳಲ್ಲಿ ಕ್ಲೋರಿನ್ ಬಿಡುವ ರಾಸಾಯನಿಕವೂ ಇರುತ್ತದೆ. ಅದು ಸೂಕ್ಷ್ಮಾಣುಗಳ ಜೊತೆಗೆ ಟ್ಯಾಂಕಿನೊಳಗಿನ ರಬ್ಬರ್ ವಾಷರನ್ನೂ ನಿಧಾನವಾಗಿ ತಿನ್ನುತ್ತದೆ. ಟ್ಯಾಂಕಿಗೆ ಹೊಸ ನೀರು ಬಂದಾಗಲೆಲ್ಲ ಗುಳಿಗೆ ಒಂದಿಷ್ಟು ಕರಗುತ್ತದೆ, ನೀರು ಸಾಕಷ್ಟು ನೀಲಿಯಾದ ಮೇಲೆ ಕರಗುವುದು ನಿಧಾನವಾಗುತ್ತದೆ, ಸರಪಳಿ ಎಳೆದು ಆ ನೀರು ಹೋಗಿ ಮತ್ತೆ ಹೊಸದು ತುಂಬಿದರೆ ಪುನಃ ಕರಗುತ್ತದೆ. ಎಂದ ಮೇಲೆ ಗುಳಿಗೆಗೆ ಕ್ಯಾಲೆಂಡರ್ ಗೊತ್ತಿಲ್ಲ, ಫ್ಲಷ್ ಮಾತ್ರ ಗೊತ್ತು. ದಿನಕ್ಕೆ ಹನ್ನೆರಡು ಸಲ ಫ್ಲಷ್ ಆಗುವ ಮನೆಯಲ್ಲಿ ಒಂದು ತಿಂಗಳು ಬರುವ ಗುಳಿಗೆ, ಇಪ್ಪತ್ನಾಲ್ಕು ಸಲ ಆಗುವ ಮನೆಯಲ್ಲಿ ಹೆಚ್ಚುಕಡಿಮೆ ಹದಿನೈದು ದಿನಕ್ಕೆ ಮುಗಿಯುತ್ತದೆ. ಗುಳಿಗೆ ತಾಳುವ ಒಟ್ಟು ಫ್ಲಷ್‌ಗಳನ್ನು ದಿನದ ಫ್ಲಷ್‌ಗಳಿಂದ ಭಾಗಿಸಿದರೆ ಆಯುಷ್ಯ ಸಿಗುತ್ತದೆ. ಮೂರನೆಯ ಇಯತ್ತೆಯ ಮಕ್ಕಳು ಇದನ್ನು ಭಾಗಾಕಾರ ಎನ್ನುತ್ತಾರೆ. ಇದಕ್ಕೆ 'ಫ್ಲಷ್ ಸಾಪೇಕ್ಷ ಆಯುರ್ಮಾನ ಸಿದ್ಧಾಂತ' ಎಂದು ಹೆಸರಿಟ್ಟರೆ ಪಿಎಚ್‌.ಡಿ. ಎನ್ನುತ್ತಾರೆ. ದಿನದ ಫ್ಲಷ್ ಸೊನ್ನೆಯಾದರೆ ಏನು ಗತಿ ಎಂಬುದು ಸಿದ್ಧಾಂತದ ಏಕೈಕ ತೊಡಕು. ಸೊನ್ನೆಯಿಂದ ಭಾಗಿಸಕೂಡದು ಎಂದು ಗಣಿತ ಹೇಳುತ್ತದೆ. ಗಣಿತಕ್ಕೆ ಈ ಮೂರು ತಾಲ್ಲೂಕುಗಳ ಬೇಸಿಗೆಯ ಪರಿಚಯವಿಲ್ಲ.

ಈ ಹಿನ್ನೆಲೆಯಲ್ಲಿ ಗುಳಿಗೆಗಳನ್ನು ಬಾಳಿಕೆಯ ದೃಷ್ಟಿಯಿಂದ ಏಳು ವರ್ಗಗಳಾಗಿ ವಿಂಗಡಿಸಬಹುದು. ಒಂದು, ಸತತಕ್ಷಯಿ: ಇಪ್ಪತ್ನಾಲ್ಕು ತಾಸೂ ನಳದಲ್ಲಿ ನೀರಿರುವ ಮನೆಯಲ್ಲಿ ದಿನದಿನಕ್ಕೆ ಸಮನಾಗಿ ಸವೆಯುವಂಥದು. ಈ ವರ್ಗದ ಮಾದರಿಗಳು ಅಧ್ಯಯನ ಪ್ರದೇಶದಲ್ಲಿ ದುರ್ಲಭವಾದ್ದರಿಂದ ಪೊಟ್ಟಣದ ಮೇಲಿನ ಚಿತ್ರವನ್ನೇ ಆಕರವಾಗಿ ಬಳಸಲಾಗಿದೆ. ಎರಡು, ಆವರ್ತಕ್ಷಯಿ: ಬೇಸಿಗೆಯಲ್ಲಿ ನಳ ಎಂಟು ಹತ್ತು ದಿನಕ್ಕೊಮ್ಮೆ ಬರುವ ಮನೆಯದು. "ನೀರ ಬಂದಾವೇನ್ರಿ?" "ಇಲ್ರಿ, ನಾಳೆ ಬಿಡ್ತಾರಂತ" ಎಂಬ ಸಂವಾದ ಓಣಿಯಲ್ಲಿ ಮುಗಿದು ಕೊನೆಗೂ ನೀರು ಬಂದ ದಿನ ಕೊಡ, ಬ್ಯಾರಲ್, ಹಂಡೆ, ಸಿಂಟೆಕ್ಸ್ ಎಲ್ಲ ತುಂಬಿ, ಉಳಿದರೆ ಫ್ಲಷ್ ಟ್ಯಾಂಕಿಗೂ ಪಾಲು ಸಿಗುತ್ತದೆ. ಎರಡು ದಿನ ಸರಪಳಿ ನಡೆಯುತ್ತದೆ. ಮೂರನೆಯ ದಿನ ಯಜಮಾನತಿ ಟ್ಯಾಂಕಿನ ವಾಲ್ವ್ ತಿರುವಿ ಬಂದ್ ಮಾಡಿ ಬಾಗಿಲ ಹಿಂದೆ ಬಕೀಟು ಇಡುತ್ತಾಳೆ. ಗುಳಿಗೆ ತಳದಲ್ಲಿ ಉಳಿದ ನೀರಿನಲ್ಲಿ ವಾರವಿಡೀ ನೆನೆಯುತ್ತದೆ, ನೀರು ದೌತಿಯ ಮಸಿಯಷ್ಟು ದಟ್ಟವಾಗುತ್ತದೆ. ಮುಂದಿನ ಸಲ ನಳ ಬಂದಾಗ ಮೊದಲ ಫ್ಲಷ್‌ಗೆ ವಾರದ ನೀಲಿಯೆಲ್ಲ ಒಂದೇ ಏಟಿಗೆ ಗುಂಡಿ ಸೇರುತ್ತದೆ, ಎರಡನೆಯ ಫ್ಲಷ್‌ಗೆ ಬರೀ ಛಾಯೆ ಉಳಿಯುತ್ತದೆ. ಮೂರು, ಶುಷ್ಕಸ್ಥಾಯಿ: ಟ್ಯಾಂಕಿಗೆ ಪಾಲೇ ಸಿಗದೆ ಒಣಗಿ ಬಿರಿದು ನಿಂತದ್ದು. ನಾಲ್ಕು, ಅಭ್ಯಾಗತನಿಮಿತ್ತ: ಬೆಂಗಳೂರಿನಿಂದ ಬೀಗರು ಬರುವರೆಂದು ತಂದು ಹಾಕಿದ್ದು, ಬೀಗರು ಹೋದ ಮರುದಿನ ಇದು ಮೂರನೆಯ ವರ್ಗಕ್ಕೆ ಇಳಿಯುತ್ತದೆ. ಐದು, ಆರು, ಏಳಕ್ಕೂ ಸಂಸ್ಕೃತದಲ್ಲಿ ಗಂಭೀರ ಹೆಸರುಗಳು ತಯಾರಿದ್ದವು. ಆದರೆ ಯಾವ ಹೆಸರಿಟ್ಟರೂ ಗುಳಿಗೆ ಹೋಗಿ ಬೀಳುವುದು ಮೂರನೆಯದಕ್ಕೇ. ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ.

ಇನ್ನು ಲೆಕ್ಕಕ್ಕೆ ಬರೋಣ. 2019ರ ಆಗಸ್ಟ್ 15ರಂದು ಘೋಷಣೆಯಾದ, ನಮ್ಮಲ್ಲಿ 'ಮನೆ ಮನೆಗೆ ಗಂಗೆ' ಎಂದು ಕರೆಸಿಕೊಂಡ ಜಲಜೀವನ ಮಿಷನ್ ಗ್ರಾಮೀಣ ವ್ಯಕ್ತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರಿನ ಗುರಿ ಇಟ್ಟುಕೊಂಡಿದೆ. ಐದು ಜನರ ಮನೆಗೆ 275 ಲೀಟರ್. ಆರು ಲೀಟರಿನ ಫ್ಲಷ್ ಟ್ಯಾಂಕನ್ನು ತಲೆಗೆ ಐದು ಸಲ ಎಳೆದರೆ ದಿನಕ್ಕೆ 150 ಲೀಟರ್. ಹಳೆಯ ಹತ್ತು ಲೀಟರಿನ ಟ್ಯಾಂಕಾದರೆ 250. ಅಂದರೆ ಗುರಿ ಪೂರ್ತಿ ಕೈಗೂಡಿದ ದಿನವೂ ಮನೆಯ ಅರ್ಧಕ್ಕಿಂತ ಹೆಚ್ಚು ನೀರು ಸಂಡಾಸಕ್ಕೇ ಹೋಗುತ್ತದೆ, ಹಳೆಯ ಟ್ಯಾಂಕಿದ್ದರೆ ಅಡಿಗೆ, ಸ್ನಾನ, ಬಟ್ಟೆ, ಎಮ್ಮೆ ಎಲ್ಲ 25 ಲೀಟರಿನಲ್ಲಿ ಮುಗಿಯಬೇಕು. ಇದು ಗೊತ್ತಿದ್ದೇ ಹಳ್ಳಿಯ ಸಂಡಾಸಗಳಲ್ಲಿ ಕಡಿದಾದ ಇಳಿಜಾರಿನ ಬೇಸಿನ್ ಕೂರಿಸುತ್ತಾರೆ. ಅದಕ್ಕೆ ಒಂದೂವರೆ ಎರಡು ಲೀಟರ್ ಸುರಿದರೆ ಸಾಕು. ಅಲ್ಲಿ ಟ್ಯಾಂಕೂ ಇಲ್ಲ, ಸರಪಳಿಯೂ ಇಲ್ಲ. ಅಲ್ಲಿನ ಫ್ಲಷ್ ಯಂತ್ರವೆಂದರೆ ಬಕೀಟು ಹೊತ್ತು ತರುವ ಹೆಂಗಸಿನ ರಟ್ಟೆ. ಟ್ಯಾಂಕಿನ ಗುಳಿಗೆಯನ್ನು ಎಲ್ಲಿ ಇಳಿಬಿಡಬೇಕು ಎಂಬ ಪ್ರಶ್ನೆಗೆ ಪೊಟ್ಟಣದ ಸೂಚನೆಗಳಲ್ಲಿ ಉತ್ತರವಿಲ್ಲ. ಆದ್ದರಿಂದ ಪ್ರಸ್ತುತ ಅಧ್ಯಯನದ ಮುಖ್ಯ ಫಲಿತ: ಈ ಭಾಗದ ಹೆಚ್ಚಿನ ಮನೆಗಳಲ್ಲಿ ಗುಳಿಗೆಯ ಬಾಳಿಕೆ ಅನಂತ.

ಇದಕ್ಕೆ ಆಕ್ಷೇಪಗಳು ಏಳಬಹುದು. ಪೇಟೆಯ ಮನೆಗಳಲ್ಲಿ ಬೋರ್‌ವೆಲ್ ಉಂಟು, ಮೇಲೆ ಸಿಂಟೆಕ್ಸ್ ಉಂಟು, ಅಲ್ಲಿ ಗುಳಿಗೆ ಕರಗಲೇಬೇಕಲ್ಲ ಎಂಬುದು ಮೊದಲನೆಯದು. ಕರಗುತ್ತದೆ, ಸರಿ. ಆದರೆ ಬೋರಿನ ನೀರು ಸವಳು. ಅಂಥ ಮನೆಯ ಫ್ಲಷ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ ಫ್ಲೋಟಿನ ಕಡ್ಡಿಗೆ ಬಿಳಿ ಉಪ್ಪು ಪದರು ಪದರಾಗಿ ಕಟ್ಟಿರುತ್ತದೆ, ನೀರಿನ ಮಟ್ಟ ನಿಲ್ಲುವಲ್ಲಿ ಒರಟು ಗೆರೆ, ಆ ಗೆರೆಗೆ ನೀಲಿ ಅಂಚು. ಉಪ್ಪು ಹಿಡಿದ ವಾಲ್ವ್ ಪೂರ್ತಿ ಮುಚ್ಚದೆ ನೀರು ಹಗಲಿರುಳು ಸಣ್ಣಗೆ ಸೋರುತ್ತದೆ. ಯಾರೂ ಸರಪಳಿ ಮುಟ್ಟದೆಯೂ ಗುಳಿಗೆ ಸವೆಯುತ್ತದೆ. ಬೇಸಿನ್ನಿನಲ್ಲಿ ಕಟ್ಟಿದ ಸುಣ್ಣದ ಕಲೆ ಹೋಗಲು ಆಮ್ಲ ಬೇಕು. ಅದು ಬಾಟಲಿಯ ಕ್ಲೀನರಿನಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಬ್ರಷ್ ಹಿಡಿದ ಕೈ ಮಾಡುವ ಕೆಲಸ, ಗುಳಿಗೆಯದಲ್ಲ. ಗುಳಿಗೆ ಮಾಡುವುದು ಕಲೆಯ ಮೇಲೆ ನೀಲಿ ನೀರು ಹರಿಸುವ ಕೆಲಸ ಮಾತ್ರ. ನೋಡಿದವರಿಗೆ ಸ್ವಚ್ಛವಾದಂತೆ ಕಾಣುತ್ತದೆ. ಕಂಡರೆ ಸಾಕು, ಆಗಬೇಕಿಲ್ಲ ಎಂಬ ಈ ತತ್ವವು ಗುಳಿಗೆ ತಯಾರಕರ ಸ್ವಂತದ್ದೇನೂ ಅಲ್ಲ. ಸರಕಾರಿ ವರದಿ ಬರೆಯುವವರಿಗೂ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಬರುವ ವಾರ ಸುಣ್ಣ ಬಳಿಯುವ ಕಾಲೇಜುಗಳಿಗೂ ಅದು ಮೊದಲೇ ಗೊತ್ತಿತ್ತು.

ಎರಡನೆಯ ಆಕ್ಷೇಪ: ಮಲಪ್ರಭೆಯ ಕಾಲುವೆ ನರಗುಂದ ಸೀಮೆಯಲ್ಲೇ ಹಾಯುವಾಗ, ನವಿಲುತೀರ್ಥದಲ್ಲಿ ಜಲಾಶಯವೇ ಇರುವಾಗ, ಅಲ್ಲಿಂದ ಕುಡಿಯುವ ನೀರಿನ ಯೋಜನೆಯ 'ಡಿಬಿಓಟಿ ನೀರು' ಊರೂರಿಗೆ ಬರುವಾಗ ನೀರಿಲ್ಲವೆಂಬ ಹಾಡು ಯಾಕೆ? ಸೂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ನಾಗಕುಂಡವಿದೆ, ಗಜೇಂದ್ರಗಡದ ಕಾಲಕಾಲೇಶ್ವರನ ಗುಡ್ಡದಲ್ಲಿ ಬೇಸಿಗೆಯಲ್ಲೂ ಅಂತರಗಂಗೆ ಜಿನುಗುತ್ತಾಳೆ ಎಂದೂ ಸೇರಿಸಬಹುದು. ದೇವರಿಗೆ ದೊರೆತ ನಿರಂತರ ನೀರು ಸರಬರಾಜು ಗುಡ್ಡ ಇಳಿದು ಓಣಿಗೆ ಬಂದಿಲ್ಲ ಎಂಬುದೊಂದೇ ಉತ್ತರ. ಕಾಲುವೆಯ ವಿಷಯಕ್ಕೆ ಉತ್ತರ ಇನ್ನೂ ಹಳೆಯದು. ಕಾಲುವೆಯ ಕೊನೆಗೆ ನೀರು ತಲುಪದಿದ್ದರೂ ನೀರಾವರಿಯಿಂದ ಭೂಮಿಯ ಬೆಲೆ ಏರಿತೆಂದು ಸರಕಾರ ರೈತರ ಮೇಲೆ ಅಭಿವೃದ್ಧಿ ಕರ ಹೇರಿತ್ತು. ಅದರ ವಿರುದ್ಧ ಎದ್ದ ಬಂಡಾಯದಲ್ಲಿ 1980ರ ಜುಲೈ 21ರಂದು ನರಗುಂದದಲ್ಲಿ ರಕ್ತ ಬಿತ್ತು. ಕಾಗದದಲ್ಲಿ ನೀರು ಹರಿದಿತ್ತು, ಹೊಲದಲ್ಲಿ ಹರಿದಿರಲಿಲ್ಲ. ಕರ ಮಾತ್ರ ಕಾಗದದ ನೀರಿಗೆ. 2015ರ ಜುಲೈಯಲ್ಲಿ ಅದೇ ನರಗುಂದದಲ್ಲಿ ಮಹದಾಯಿ ನದಿಯ ನೀರಿಗಾಗಿ ರೈತರು ಮತ್ತೆ ಧರಣಿ ಕೂತರು. 2018ರ ಆಗಸ್ಟ್ 14ರಂದು ಮಹದಾಯಿ ಜಲವಿವಾದ ನ್ಯಾಯಮಂಡಳಿ ಕಳಸಾ ಮತ್ತು ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ 3.9 ಟಿಎಂಸಿ ತಿರುಗಿಸಲು ಒಪ್ಪಿತು. ತೀರ್ಪು ಬಂದದ್ದು ನಿಜ, ನೀರು ಬಂದಿಲ್ಲ. ಕುಡಿಯುವ ನೀರಿಗೇ ವರ್ಷಗಟ್ಟಲೆ ಮಂಟಪ ಹಾಕಿ ಕೂರಬೇಕಾದ ಸೀಮೆಯಲ್ಲಿ ನೀಲಿ ನೀರಿನ ಪ್ರಶ್ನೆ ಯಾವ ಪಾಳಿಯಲ್ಲಿ ಬರುತ್ತದೆ ಎಂಬುದನ್ನು ಓದುಗರೇ ಎಣಿಸಬಹುದು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಸಭ್ಯವಾದದ್ದು: ಏನೇ ಆಗಲಿ, ಸಂಡಾಸಗಳಂತೂ ಕಟ್ಟಿದ್ದೇವಲ್ಲ? ಕಟ್ಟಿದ್ದಾರೆ. ಅದನ್ನು ಅಲ್ಲಗಳೆಯುವುದು ಅನ್ಯಾಯ. ನಸುಕಿನ ಕತ್ತಲಿಗೆ ಕಾದು ಚರಗಿ ಹಿಡಿದು ಬಯಲಿಗೆ ಹೋಗುತ್ತಿದ್ದ ಹೆಂಗಸರಿಗೆ ಬಾಗಿಲಿರುವ ನಾಲ್ಕು ಗೋಡೆ ಏನೆಂಬುದನ್ನು ಯಾವ ಸಂಕಥನವೂ ಅಳೆಯಲಾರದು. 2014ರ ಅಕ್ಟೋಬರ್ 2ರಂದು ಶುರುವಾದ ಸ್ವಚ್ಛ ಭಾರತದಲ್ಲಿ ಹಳ್ಳಿಯ ಅರ್ಹ ಮನೆಗೆ 12,000 ರೂಪಾಯಿ ಸಿಕ್ಕಿತು, ನೀರು ಶೇಖರಿಸುವ ತೊಟ್ಟಿಯ ಲೆಕ್ಕವೂ ಅದರಲ್ಲೇ ಇತ್ತು. ತೊಟ್ಟಿಗೆ ದುಡ್ಡಿತ್ತು, ತೊಟ್ಟಿ ತುಂಬುವುದಕ್ಕೆ ಬೇರೆ ಯೋಜನೆ ಇತ್ತು. ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೆಯ ಸುತ್ತಿನಲ್ಲಿ, 2018ರ ಕೊನೆಯ ಆರು ತಿಂಗಳಲ್ಲಿ, ದೇಶದ ಹಳ್ಳಿಮನೆಗಳ ಪೈಕಿ ಶೇ 71.3ಕ್ಕೆ ಮಾತ್ರ ಶೌಚಾಲಯ ಸಿಗುವಂತಿತ್ತು. 2019ರ ಆಗಸ್ಟಿನಲ್ಲಿ ಮಲಪ್ರಭೆ, ಬೆಣ್ಣಿಹಳ್ಳ ಉಕ್ಕಿ ಕೊಣ್ಣೂರು, ಹೊಳೆಆಲೂರು ಕಡೆಯ ಮನೆಗಳೂ ಸಂಡಾಸದ ಗುಂಡಿಗಳೂ ಒಂದೇ ನೀರಿನಲ್ಲಿ ಮುಳುಗಿದವು. ಎರಡು ತಿಂಗಳೊಳಗೆ, ಅಕ್ಟೋಬರ್ 2ರಂದು, ಇಡೀ ಗ್ರಾಮೀಣ ಭಾರತ ಬಯಲು ಶೌಚಮುಕ್ತವೆಂದು ಘೋಷಣೆಯಾಯಿತು. ಊರ ಬಾಗಿಲಿನ ಗೋಡೆಗೆ ಸುಣ್ಣ ಬಳಿದು ಬರೆಸಿದ ಆ ಘೋಷಣೆಯ ಫಲಕ ನಮ್ಮ ಅಧ್ಯಯನದ ಗುಳಿಗೆಗಿಂತ ಬೇರೆಯಲ್ಲ: ನೀರಿಗೆ ಬಣ್ಣ ಬಂದರೆ ಕೆಲಸ ಮುಗಿಯಿತು.

ಗುಂಡಿಯ ಮಾತು ಬಂದ ಮೇಲೆ ಪಾರಿಭಾಷಿಕ ಪದಗಳು ಸಾಕು. ಈ ಸೀಮೆಯ ಎರೆಭೂಮಿ ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಹಿಗ್ಗಿ ಬಿಗಿಯುತ್ತದೆ. ಬಿಗಿದ ಎರೆಯಲ್ಲಿ ನೀರು ಇಂಗುವುದು ತೀರಾ ನಿಧಾನ. ಹಾಗಾಗಿ ಗುಂಡಿ ಬೇಗ ತುಂಬುತ್ತದೆ. ಎರಡು ಗುಂಡಿ ತೋಡಿ, ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದು ಗೊಬ್ಬರವಾಗುವ ತನಕ ಕಾಯಬೇಕೆಂಬುದು ಕ್ರಮ. ಒಂದೇ ಗುಂಡಿ ತೋಡಿ ಎರಡರ ಬಿಲ್ಲು ಬರೆದಲ್ಲಿ ಆ ಕ್ರಮ ನಡೆಯುವುದಿಲ್ಲ. ತುಂಬಿದ್ದನ್ನು ಯಾರೋ ತೆಗೆಯಬೇಕು. ಆ 'ಯಾರೋ' ಯಾರೆಂದು ಎಲ್ಲರಿಗೂ ಗೊತ್ತು, ವರದಿಗೆ ಮಾತ್ರ ಗೊತ್ತಿಲ್ಲ. ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ಬಿ. ಬಸವಲಿಂಗಪ್ಪ ಮಂತ್ರಿಯಾಗಿದ್ದಾಗ, 1970ರ ದಶಕದಲ್ಲೇ ನಿಷೇಧಿಸಿದರು. ಆದರೂ 2010ರ ಜುಲೈಯಲ್ಲಿ, ಪಕ್ಕದ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಪಾಡು ಕಾಣಲೆಂದು ನಡುಬೀದಿಯಲ್ಲಿ ಮೈಮೇಲೆ ಮಲ ಸುರಿದುಕೊಂಡರು. 2013ರಲ್ಲಿ ಸಂಸತ್ತು ಮಲ ಹೊರುವುದರ ವಿರುದ್ಧ ಇನ್ನೊಂದು ಕಾಯ್ದೆ ಮಾಡಿತು. ಅದಾದ ಮೇಲೂ ಸೆಪ್ಟಿಕ್ ಟ್ಯಾಂಕಿಗಿಳಿದವರು ಉಸಿರುಗಟ್ಟಿ ಸತ್ತ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬರುತ್ತಲೇ ಇದೆ. ಈ ಕೆಲಸ ಮಾಡುವವರ ಬದುಕಿನ ಬಗ್ಗೆ ಸಂಕಿರಣಗಳೂ ನಡೆಯುತ್ತವೆ. 'ಅಂಚಿನ ಸಮುದಾಯಗಳ ಅನನ್ಯತೆಯ ಸಂರಚನೆ' ಎಂದು ಬ್ಯಾನರ್ ಬರೆಸಿ, ಶಾಲು ಹೊದಿಸಿ, ಊಟಕ್ಕೆ ಮಂಡಕ್ಕಿ ಮಿರ್ಚಿ ಅಲ್ಲ, ಹೋಳಿಗೆಯನ್ನೇ ಬಡಿಸಿ, ಸಂಜೆ ಪ್ರಮಾಣಪತ್ರ ಹಂಚುತ್ತಾರೆ. ಸಭಾಂಗಣದ ಹಿಂದಿನ ಸಂಡಾಸದಲ್ಲಿ ನೀರಿರುವುದಿಲ್ಲ. ಅದನ್ನು ತೊಳೆಯಲು ಬರುವ ಹೆಂಗಸಿಗೆ ಪ್ರಮಾಣಪತ್ರ ಕೊಡುವುದಿಲ್ಲ, ಮೂರು ತಿಂಗಳ ಪಗಾರವನ್ನೂ ಕೊಟ್ಟಿರುವುದಿಲ್ಲ. ಈ ಮಾತನ್ನು ಗಂಭೀರ ಮುಖ ಇಟ್ಟುಕೊಂಡು ಬರೆಯಲು ಬರುವುದಿಲ್ಲ, ನಗುತ್ತಾ ಬರೆಯಲೂ ಬರುವುದಿಲ್ಲ.

ಸಂಪ್ರದಾಯದಂತೆ ಕೊನೆಗೆ ಶಿಫಾರಸು ಇರಬೇಕು. ಒಂದೇ ಇದೆ, ಅದಕ್ಕೆ ಸಮಿತಿ ಬೇಡ, ಒಂದು ಡಬ್ಬಿ ಬಣ್ಣ ಸಾಕು. 'ಬಯಲು ಶೌಚಮುಕ್ತ ಗ್ರಾಮಕ್ಕೆ ಸ್ವಾಗತ' ಎಂಬ ಪ್ರತಿ ಫಲಕದ ಕೆಳಗೆ ಇನ್ನೆರಡು ಸಾಲು ಬರೆಸಬೇಕು: ಈ ಊರಿಗೆ ಕಳೆದ ಸಲ ನೀರು ಬಿಟ್ಟ ತಾರೀಖು, ಮತ್ತು ಈ ಊರಿನ ಗುಂಡಿಗಳನ್ನು ಯಂತ್ರದಿಂದ ಖಾಲಿ ಮಾಡಿಸಲು ಪಂಚಾಯಿತಿ ಕಟ್ಟಿದ ಹಣ. ಈ ಎರಡು ಸಾಲು ಬರೆಸಲು ನಾಚಿಕೆಯಾಗುವ ಊರು ಮೇಲಿನ ಸಾಲನ್ನು ಅಳಿಸಿಕೊಳ್ಳಲಿ. ಬರೆಸಬಲ್ಲ ಊರಿನವರು ಬೇಕಾದ ಬಣ್ಣದ ಗುಳಿಗೆ ತಂದು ಹಾಕಿಕೊಳ್ಳಲಿ, ಅದು ಎಷ್ಟು ದಿನ ಬರುತ್ತದೆಂದು ಲೆಕ್ಕ ಹಾಕಲು ಅವರಿಗೆ ಯಾವ ವಿದ್ವಾಂಸನೂ ಬೇಕಾಗುವುದಿಲ್ಲ.