ಕೆಡವೋ ಕಾಕಾ

ಮನೆ ರಿಪೇರಿ ಮಾಡಿಸಬೇಕೆಂದು ನೀವು ಹೆಂಡತಿಗೆ ಹೇಳುವ ಮೊದಲೇ ಕಾಕಾನಿಗೆ ಗೊತ್ತಾಗಿರುತ್ತದೆ. ಬೆಟಗೇರಿಯ ಓಣಿಗೊಬ್ಬ ಇಂಥ ಕಾಕಾ ಇದ್ದೇ ಇರುತ್ತಾನೆ. ಬರುತ್ತಾನೆ, ಚಪ್ಪಲಿ ಬಿಡುತ್ತಾನೆ, ಬೆರಳ ಗೆಣ್ಣಿನಿಂದ ಗೋಡೆಯನ್ನು ಟಕ್ ಟಕ್ ಬಡಿದು ಡಾಕ್ಟರರ ಹಾಗೆ ಕಿವಿ ಕೊಡುತ್ತಾನೆ. ರೋಗ ಯಾವುದಿದ್ದರೂ ಔಷಧ ಒಂದೇ: 'ಕೆಡವೋ ತಮ್ಮಾ.'

ನನ್ನ ಪಾಲಿಗೆ ಬಂದ ಕಾಕಾ ದೂರದ ಸಂಬಂಧಿ. ಲಕ್ಷ್ಮೇಶ್ವರದ ತಂಗಿಯ ಮನೆಯ ಗೂಡುಗಳನ್ನು ಮುಚ್ಚಿಸಿದವನು, ಶಿರಹಟ್ಟಿಯ ಬೀಗರ ಬಚ್ಚಲೊಲೆ ಕೀಳಿಸಿದವನು, ಮುಂಡರಗಿಯ ಷಡ್ಡಕನ ಕಟ್ಟೆ ಒಡೆಸಿ ಈಗ ಅವನೊಡನೆ ಮಾತು ಬಿಟ್ಟವನು. ನಮ್ಮದು ಅಜ್ಜ 1954ರಲ್ಲಿ ಕಟ್ಟಿಸಿದ ಮನೆ. ಒಂದೂವರೆ ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಮಂಗಳೂರು ಹಂಚು, ಪಡಸಾಲೆ, ಅದರಾಚೆ ಹಗಲಲ್ಲೂ ದೀಪ ಬೇಡುವ ಅಡುಗೆಮನೆ. 'ಗದಗ 1997ರಾಗ ಜಿಲ್ಲಾ ಆತು, ನಿಮ್ಮನಿ ಇನ್ನೂ ತಾಲೂಕಾನ ಉಳದೈತಿ' ಎಂದ. ಈ ಮಾತು ಮಗಳಿಗೆ ಬಹಳ ಹಿಡಿಸಿತು. ನನಗೆ ಎರಡು ದಿನ ಊಟ ಸೇರಲಿಲ್ಲ.

ಅವನ ಕಣ್ಣು ಬಿದ್ದದ್ದು ಪಡಸಾಲೆಗೂ ಅಡುಗೆಮನೆಗೂ ನಡುವಿನ ಗೋಡೆಯ ಮೇಲೆ. ಓಪನ್ ಕಿಚನ್ ಆಗಬೇಕಂತೆ. ಗೌಂಡಿ ತಲೆಯೆತ್ತಿ ನೋಡಿ, 'ತೊಲಿ ಇದರ ಮ್ಯಾಲ ಕುಂತೈತ್ರಿ' ಎಂದ.

'ತೊಲೀನೂ ಇಳಸು.'

'ತೊಲಿ ಇಳಿಸಿದ್ರ ಹಂಚು?'

'ಹಂಚೂ ಇಳಸು, ಸ್ಲ್ಯಾಬ್ ಹಾಕು. 1865ರಾಗ ಬಾಸೆಲ್ ಮಿಷನ್‌ದವರು ಶುರು ಮಾಡಿದ ಹಂಚು, ಇನ್ನೂ ಹೊತಗೊಂಡು ಕುಂತಾರ!'

ಕಾಕಾನ ಇಸವಿ ತಪ್ಪುವುದಿಲ್ಲ, ಅದೇ ಕಷ್ಟ. ಒಂದು ಗೋಡೆಯಿಂದ ಹೊರಟವರು ಚಹಾ ಬರುವಷ್ಟರಲ್ಲಿ ಬುನಾದಿ ಮುಟ್ಟಿದ್ದರು. ಅದರ ಕೆಳಗೆ ಎರೆಮಣ್ಣು. ಬೇಸಿಗೆಗೆ ಬಿರಿದು ಮಳೆಗೆ ಉಬ್ಬುವ ನೆಲ. ಅದನ್ನೂ ಬದಲಿಸಲು ಹೇಳುತ್ತಿದ್ದನೇನೋ, ಬಿಸ್ಕೀಟು ಬಂದು ಕಾಪಾಡಿತು.

ಕಾಕಾನ ಮನೆಯಲ್ಲಿ ಓಪನ್ ಕಿಚನ್ ಇದೆ, ಬೆಂಗಳೂರಿನ ಮಗ ಮಾಡಿಸಿದ್ದು. ಬ್ಯಾಡಗಿ ಮೆಣಸಿನಕಾಯಿ ಹುರಿದ ದಿನ ಟಿವಿಯಲ್ಲಿ ಸುದ್ದಿ ಓದುವವಳೂ ಕೆಮ್ಮುತ್ತಾಳೆ ಎಂದು ಕಾಕು ನಗುತ್ತಾಳೆ. ಆಗ ಕಾಕಾ ಎದ್ದು ಬಂದು ಕೂರುವುದು ನಮ್ಮ ಕಟ್ಟೆಗೆ. ಅಲ್ಲೇ ಕೂತು, ಈ ಕಟ್ಟೆ ಒಡೆದರೆ ಕಾರು ನಿಲ್ಲಿಸಬಹುದೆಂದು ಲೆಕ್ಕ ಹೇಳುತ್ತಾನೆ. ನನ್ನ ಹತ್ತಿರ ಕಾರಿಲ್ಲ.

ಅಂತೂ ಗೋಡೆ ಉಳಿಯಿತು. ಅದರಲ್ಲೊಂದು ಕಿಟಕಿ, ಮಾಡಿನಲ್ಲಿ ಎರಡು ಗಾಜಿನ ಹಂಚು, ಅಷ್ಟಕ್ಕೆ ಅಡುಗೆಮನೆಗೆ ಬೆಳಕು ಬಂತು. ಪಡಸಾಲೆಗೆ ಟೈಲ್ಸ್ ಹಾಕಿಸಲು ಫರಸಿ ಎಬ್ಬಿಸುವಾಗ, ಮೂಲೆಯಲ್ಲೊಂದು ದೊಡ್ಡ ಫರಸಿ ಟೊಳ್ಳು ದನಿ ಕೊಟ್ಟಿತು. ಎತ್ತಿದರೆ ಮಗ್ಗದ ಕುಣಿ. ಇದರೊಳಗೆ ಕಾಲು ಇಳಿಬಿಟ್ಟು ಅಜ್ಜ ಇಳಕಲ್ ಸೀರೆ ನೇಯುತ್ತಿದ್ದ.

ಕಾಕಾ ಮಾತಾಡಲಿಲ್ಲ. ಧೋತರ ಎತ್ತಿ ಅಂಚಿಗೆ ಕೂತು ಎರಡೂ ಕಾಲು ಒಳಗೆ ಬಿಟ್ಟ. ಪಾದಗಳು ಇಲ್ಲದ ಹಲಗೆಯನ್ನು ಒಂದಾದ ಮೇಲೊಂದು ತುಳಿದವು; ಬಲಗೈ ಇಲ್ಲದ ಹಗ್ಗವನ್ನು ಜಗ್ಗಿತು. ಹತ್ತನೇ ವರ್ಷಕ್ಕೆ ಕುಣಿಗೆ ಇಳಿದವನು ಎಂದು ಅವ್ವ ಹೇಳುತ್ತಿದ್ದಳು. ನನ್ನ ಗಂಟಲು ಬಿಗಿಯಿತು. ಇದರ ಮೇಲೆ ಗಾಜು ಹೊದಿಸಿ ಹಾಗೇ ಇಡೋಣ ಕಾಕಾ, ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಅವನು ಬಗ್ಗಿ, ಕುಣಿಯ ಗೋಡೆಯನ್ನು ಗೆಣ್ಣಿನಿಂದ ಬಡಿದ.

'ಗಟ್ಟಿ ಐತಿ. ಸಂಪ್ ಮಾಡಿಸು. ನಳ ಬಂದ ದಿನ ಎಂಟನೂರು ಲೀಟರ್ ಹಿಡೀತೈತಿ.'

ವಾರಗಟ್ಟಲೆ ನಳದ ದಾರಿ ಕಾಯುವ ಊರು ನಮ್ಮದು. ನಾನು ಟೇಪು ತರಲು ಒಳಗೆ ಹೋದೆ.